ನಾಪೋಕ್ಲಿನ ಮಳೆಯಲ್ಲಿ ಷಿಕಾಗೋದ ಸೋಲ್: ನ್ಯೂಮೆರೊ ಗ್ರೂಪ್ ರೆಕಾರ್ಡುಗಳು ಹೇಗಿವೆ?

ಕೊಡಗಿನ ಮಳೆಯಲ್ಲಿ ಕೂತು ಅಮೆರಿಕದಿಂದ ಎಲ್‌ಪಿ, ಅಂದರೆ ಹಾಡಿನ ದೊಡ್ಡ ಕಪ್ಪು ಡಿಸ್ಕ್, ತರಿಸುವುದು ಬರೀ ಶೋಕಿ ಅಂತ ನಮ್ಮ ಮನೆಯವರ ತೀರ್ಮಾನ. ಇರಲಿ. ನಾನು ಬಹಳ ವರ್ಷಗಳಿಂದ ನ್ಯೂಮೆರೊ ಗ್ರೂಪ್‌ನ ಗಿರಾಕಿ. ಷಿಕಾಗೋದಲ್ಲಿ 2003ರಲ್ಲಿ ಶುರುವಾದ ಸಣ್ಣ ಕಂಪನಿ ಇದು. ಯಾವುದೋ ಊರಿನ ಯಾವುದೋ ಚಿಕ್ಕ ಸ್ಟುಡಿಯೋದಲ್ಲಿ ಹಾಡಿ, ಒಂದಿಷ್ಟು ಡಿಸ್ಕ್ ಮಾರಿ, ಆಮೇಲೆ ಯಾರಿಗೂ ನೆನಪಿಲ್ಲದಂತಾದ ಗಾಯಕರನ್ನು ಹುಡುಕಿ ಮತ್ತೆ ಹೊರಗೆ ತರುತ್ತಾರೆ. ಸೋಲ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಧಾಟಿ, ಜಾಸ್ತಿ. ಚರ್ಚಿನ ಗಾಸ್ಪೆಲ್ ಇದೆ, ಗಿಟಾರ್ ಹಿಡಿದು ಹಾಡುವ ಜನಪದ ಧಾಟಿಯವರೂ ಇದ್ದಾರೆ.

ಹಾಡು ಮೊಬೈಲಿನಲ್ಲೂ ಸಿಗುತ್ತದೆ ಅಲ್ವಾ, ಡಿಸ್ಕ್ ಯಾಕೆ ಅಂತ ಕೇಳುವವರಿದ್ದಾರೆ. ನಾನು ದುಡ್ಡು ಕೊಡುವುದು ಜೊತೆಗೆ ಬರುವ ಪುಸ್ತಿಕೆಗೆ. ಯಾರು ಹಾಡಿದರು, ಎಲ್ಲಿ, ಆಮೇಲೆ ಅವರ ಬದುಕು ಏನಾಯಿತು ಎಲ್ಲಾ ಅದರಲ್ಲಿದೆ. ನ್ಯೂಮೆರೊದವರ ಮೊದಲ ಸಂಕಲನ 2004ರದ್ದು. ಒಹಾಯೊ ರಾಜ್ಯದ ಕೊಲಂಬಸ್ ಊರಿನ ಕ್ಯಾಪ್‌ಸೋಲ್ ಎಂಬ ಲೇಬಲ್‌ನ, ಅಂದರೆ ರೆಕಾರ್ಡ್ ಕಂಪನಿಯ, ಹಾಡುಗಳು. ಅದನ್ನು ನಡೆಸುತ್ತಿದ್ದವರು ಬಿಲ್ ಮಾಸ್ ಎಂಬ ರೇಡಿಯೋ ಡೀಜೆ. ಮುಂದೆ ಅವರು ಊರಿನ ಶಾಲಾ ಮಂಡಳಿಗೆ ಆರಿಸಿಬಂದರು. ಕ್ಲೀವ್‌ಲ್ಯಾಂಡ್‌ನ ಬಾಡಿ ದಂಪತಿಯ ಸಂಕಲನ ಇನ್ನೊಂದು. ಹಾಡು ರೆಕಾರ್ಡ್ ಮಾಡುವುದರಿಂದ ಹಿಡಿದು ಡಿಸ್ಕ್ ಒತ್ತುವವರೆಗೆ ಗಂಡ ಹೆಂಡತಿಯೇ ನಿಂತು ಮಾಡುತ್ತಿದ್ದರು. ಇಂಥದ್ದೆಲ್ಲ ಮೊಬೈಲ್ ಹೇಳುವುದಿಲ್ಲ.

ನನ್ನ ಬಳಿ ಇರುವುದರಲ್ಲಿ ಜಾಸ್ತಿ ತಿರುಗಿದ್ದು ಪ್ರಿಕ್ಸ್ ಲೇಬಲ್‌ನ ಸಂಕಲನ. ಇದೂ ಕೊಲಂಬಸ್ಸಿನದೇ, 2007ರಲ್ಲಿ ಬಂದದ್ದು. ಲೇಬಲ್‌ನ ಮಾಲೀಕರೊಬ್ಬರು ತೀರಿಕೊಂಡ ಮೇಲೆ ಮನೆ ಸಾಮಾನು ಮಾರುವಾಗ ಕೆಲವು ಟೇಪುಗಳು ಸಿಕ್ಕವು. ಅದರಲ್ಲಿ ‘ಯೂ ಅಂಡ್ ಮಿ’ ಅಂತ ಒಂದು ಹಾಡು. ಹಾಡಿದವರು ಪೆನ್ನಿ ಅಂಡ್ ದ ಕ್ವಾರ್ಟರ್ಸ್ ಅಂತಷ್ಟೇ ಆಗ ಗೊತ್ತಿತ್ತು, ಅವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಗಿಟಾರ್, ಒಂದು ಹುಡುಗಿಯ ದನಿ, ಹಿಂದೆ ‘ಊ’ ಎನ್ನುವ ಹುಡುಗರು, ಅಷ್ಟೇ. ಡ್ರಮ್ ಇಲ್ಲ. ಟೇಪಿನ ಸುಯ್ ಶಬ್ದ ಹಾಗೇ ಇದೆ, ಒರೆಸಿ ಹಾಕಿಲ್ಲ. ಹುಡುಗಿ ಕೆಲವು ಕಡೆ ಸ್ವರ ಸ್ವಲ್ಪ ಕೆಳಗೆ ಇಳಿಸಿ ಮತ್ತೆ ಹಿಡಿದುಕೊಳ್ಳುತ್ತಾಳೆ, ನನಗೆ ಹಾಡು ನಿಜ ಅನ್ನಿಸುವುದೇ ಅಲ್ಲಿ. 2010ರ ‘ಬ್ಲೂ ವ್ಯಾಲೆಂಟೈನ್’ ಸಿನಿಮಾದಲ್ಲಿ ಈ ಹಾಡು ಬಂತು. ಅದರ ನಂತರವೇ ಆ ಹುಡುಗಿ ಯಾರು ಅಂತ ಪತ್ತೆಯಾದದ್ದು. ಜೊತೆಗೆ ಹಾಡಿದವರು ಅವಳ ಅಣ್ಣತಮ್ಮಂದಿರು.

ನಮ್ಮ ಪಕ್ಕದ ತೋಟದ ಮಾವ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸಿ ಹಾಡುವವರು. ಹುತ್ತರಿಗೆ, ಮದುವೆಗೆ ಅವರ ದನಿ ಇರಲೇಬೇಕು. ಕ್ಯಾಪ್‌ಸೋಲ್ ಡಿಸ್ಕಿನಲ್ಲಿ ಜಾನ್ಸನ್, ಹಾಕಿನ್ಸ್, ಟೇಟಮ್ ಅಂಡ್ ಡರ್ ಅಂತ ನಾಲ್ವರ ಗುಂಪು ಇದೆ. ಹೆಸರು ಓದಿದರೆ ವಕೀಲರ ಆಫೀಸಿನ ಬೋರ್ಡಿನ ಹಾಗೆ! ಅದನ್ನು ಹಾಕಿದಾಗ ಮಾವ ಬೆರಳಲ್ಲಿ ಕುರ್ಚಿ ಕೈ ತಟ್ಟುತ್ತಾ ಕೇಳಿದರು. ದುಡಿ ಬಾರಿಸಿ ಹಾಡುವ ನಮ್ಮ ಕೊಡವ ಬಾಳೋ ಪಾಟ್‌ನಲ್ಲೂ ನಾಲ್ವರೇ ಅಲ್ವಾ, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಹಾಡು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಇವರಿಗೆ ದುಡ್ಡು ಸಿಕ್ಕಿತಾ ಮಾರಾಯ?”

ಕೇಳಬೇಕಾದ ಪ್ರಶ್ನೆಯೇ. ನ್ಯೂಮೆರೊದವರು ಹಕ್ಕುದಾರರನ್ನು ಹುಡುಕಿ, ಒಪ್ಪಂದ ಮಾಡಿಕೊಂಡೇ ಡಿಸ್ಕ್ ತರುತ್ತಾರೆ. ಸೋಲ್ ಗಾಯಕ ಸಿಲ್ ಜಾನ್ಸನ್ ಕತೆ ನೋಡಿ. 1936ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ ಷಿಕಾಗೋಗೆ ಬಂದವರು. ಅವರ 1967ರ ‘ಡಿಫರೆಂಟ್ ಸ್ಟ್ರೋಕ್ಸ್’ ಹಾಡಿನ ತುಣುಕುಗಳನ್ನು ಎಷ್ಟೋ ಹಿಪ್‌ಹಾಪ್ ಮಂದಿ ಎತ್ತಿಕೊಂಡರು. ಕೇಳದೇ ಬಳಸಿದವರ ಮೇಲೆ ಸಿಲ್ ಕೋರ್ಟಿಗೂ ಹೋದರು. ಹಾಡು ಎಲ್ಲರ ಕಿವಿಯಲ್ಲಿ, ಹಾಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ. 2010ರಲ್ಲಿ ನ್ಯೂಮೆರೊ ಅವರ ಹಾಡುಗಳನ್ನು ದೊಡ್ಡ ಪೆಟ್ಟಿಗೆಯಾಗಿ ತಂದಿತು. ಅದು ಗ್ರ್ಯಾಮಿ ಪ್ರಶಸ್ತಿಯ ನಾಮನಿರ್ದೇಶನದವರೆಗೂ ಹೋಯಿತು. ಸಿಲ್ ತೀರಿಕೊಂಡಿದ್ದು 2022ರಲ್ಲಿ. ಅಂದರೆ ಹೆಸರು ತಿರುಗಿ ಬಂದದ್ದನ್ನು ಕಣ್ಣಾರೆ ನೋಡಿಯೇ ಹೋದರು.

ಇದನ್ನೆಲ್ಲ ಓದುವಾಗ ನಮ್ಮದು ನೆನಪಾಗಿ ಹೊಟ್ಟೆ ಉರಿಯುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕೊಡವ ಹಾಡುಗಳನ್ನು ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪುಸ್ತಕ ತಂದರು. ಸಾಲುಗಳು ಉಳಿದವು. ಕೊಡಗಿನ ಬುಡಕಟ್ಟಿನವರಾದ ಎರವರ, ಕುರುಬರ ಹಾಡುಗಳಿಗೆ ಅಂಥ ಯೋಗವೂ ಅಷ್ಟಾಗಿ ಬರಲಿಲ್ಲ. ತೋಟದ ಕೆಲಸದವರ ಲೈನ್ ಮನೆಯ ಜಗಲಿಯಲ್ಲಿ ಕೂತು ಹಾಡುವ ಅಜ್ಜಿಯ ದನಿಗೆ ಡಿಸ್ಕ್, ಪುಸ್ತಿಕೆ, ಸಂಭಾವನೆ ಮೂರೂ ಸಿಗುವ ಹಾಗೆ ಯಾರಾದರೂ ಮಾಡಿದರೆ ನಾನು ಮುಂಗಡ ಕೊಟ್ಟು ಕೊಳ್ಳುತ್ತೇನೆ. ವಿಷಯ ಎಲ್ಲಿಗೋ ಹೋಯಿತು, ವಾಪಸ್ ಬರೋಣ.

ಕೊಡಗಿನವರಿಗೆ ಮುಖ್ಯವಾದ ಮಾತು: ಬೂಷ್ಟು. ಜೋರು ಮಳೆಯ ಕಕ್ಕಡ (ಆಟಿ) ತಿಂಗಳಲ್ಲಿ ಕಾಗದದ ಒಳಕವರ್ ಮೆತ್ತಗಾಗಿ ಡಿಸ್ಕಿಗೆ ಬಿಳಿ ಚುಕ್ಕೆ ಬರುತ್ತದೆ. ಡಿಸ್ಕ್ ಬಂದ ದಿನವೇ ಕಾಗದ ತೆಗೆದು ಪ್ಲಾಸ್ಟಿಕ್ ಒಳಕವರ್ ಹಾಕಿ. ಬಟ್ಟೆ ಬೀರುವಿಗೆ ಬಲ್ಬ್ ಹಾಕುತ್ತೇವಲ್ಲ, ಹಾಗೆ ಇದಕ್ಕೂ ಒಂದು ಜೀರೋ ಬಲ್ಬ್ ಸಾಕು, ಅದೂ ಡಿಸ್ಕಿನಿಂದ ದೂರ. ದೊಡ್ಡ ಬಲ್ಬ್ ಬೇಡ, ಶಾಖಕ್ಕೆ ಡಿಸ್ಕ್ ಸೊಟ್ಟಗಾಗುತ್ತದೆ. ಯಾವಾಗಲೂ ನಿಲ್ಲಿಸಿಯೇ ಇಡಿ. ಪುಸ್ತಿಕೆಯನ್ನು ಬೇರೆ ಕವರಿನಲ್ಲಿ ಇಡಿ, ನುಣುಪು ಹಾಳೆ ಒದ್ದೆಯಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಖರ್ಚಿನ ವಿಷಯ ನೋವೇ. ಡಿಸ್ಕಿನ ಬೆಲೆ, ಅದರ ಮೇಲೆ ಸಾಗಣೆ, ಅದರ ಮೇಲೆ ಕಸ್ಟಮ್ಸ್. ಒಂದೊಂದೇ ತರಿಸಿದರೆ ಮೈಮೇಲೆ ಬರುತ್ತದೆ, ಇಬ್ಬರು ಮೂವರು ಸೇರಿ ತರಿಸಿ. ಒಂದು ಸಲ ಕೊರಿಯರ್‌ನವನು ಫೋನ್ ಕೂಡ ಮಾಡದೆ ‘ಮನೆ ಬಾಗಿಲು ಹಾಕಿತ್ತು’ ಅಂತ ಬರೆದು ಪಾರ್ಸೆಲ್ ವಾಪಸ್ ಕಳಿಸಿದ್ದ. ಆಮೇಲಿಂದ ಬೆಂಗಳೂರಿನಲ್ಲಿರುವ ತಂಗಿಯ ವಿಳಾಸ ಕೊಡುತ್ತೇನೆ. ಅಷ್ಟೆಲ್ಲ ಬೇಡ ಎನ್ನುವವರು ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಕೊಳ್ಳಬಹುದು, ಶಬ್ದದಲ್ಲಿ ಏನೂ ಕಡಿಮೆ ಇಲ್ಲ.

ಎಲ್ಲವನ್ನೂ ಕಣ್ಣು ಮುಚ್ಚಿ ಕೊಳ್ಳಬೇಡಿ. ಒಂದು ಲೇಬಲ್‌ನ ಹಾಡು ಅಂತ ತುಂಬಿಸಿದ ಕಡೆ ಎರಡನೇ ಬದಿ ಕೆಲವು ಸಲ ಸಪ್ಪೆ. ಈಚೆಗೆ 1990ರ ದಶಕದ ರಾಕ್ ತಂಡಗಳ ಡಿಸ್ಕೂ ಜಾಸ್ತಿ ತರುತ್ತಿದ್ದಾರೆ. ಅದು ನನ್ನ ರುಚಿ ಅಲ್ಲ. ಮೊದಲ ಸಲ ತೆಗೆದುಕೊಳ್ಳುವವರು ಪ್ರಿಕ್ಸ್ ಇಲ್ಲವೇ ಕ್ಯಾಪ್‌ಸೋಲ್ ನೋಡಿ. ಗಿಟಾರ್ ಹಾಡು ಇಷ್ಟಪಡುವವರು 2006ರ ‘ವೇಫೇರಿಂಗ್ ಸ್ಟ್ರೇಂಜರ್ಸ್: ಲೇಡೀಸ್ ಫ್ರಮ್ ದ ಕ್ಯಾನ್ಯನ್’ ತರಿಸಿ. ಸಿಲ್ ಜಾನ್ಸನ್ ಪೆಟ್ಟಿಗೆ ಮಾತ್ರ ಕಾಫಿಗೆ ಒಳ್ಳೆ ರೇಟ್ ಬಂದ ವರ್ಷಕ್ಕೆ ಇಟ್ಟುಕೊಳ್ಳಿ.