ಇಳಿತದ ಹೊತ್ತಿಗೆ ತದಡಿ ಅಳಿವೆ ದಾಟಿ ಹೋಗಬೇಡಿ

ಗೋಕರ್ಣದ ಕಡೆ ಬರುವವರು ದಯವಿಟ್ಟು ಓದಿ. ಹೋದ ಹುಣ್ಣಿಮೆ ದಿನ ಶಿರಸಿಯಿಂದ ನಾವು ಐದು ಜನ ತದಡಿಗೆ ಹೋಗಿದ್ದೆವು. ಗೋಕರ್ಣದ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಡದ ಊರು ಅದು. ಡಾಲ್ಫಿನ್ ತೋರಿಸ್ತೇನೆ ಅಂತ ಒಬ್ಬರು ಸಣ್ಣ ದೋಣಿಗೆ ಹತ್ತಿಸಿಕೊಂಡರು. ಮಧ್ಯಾಹ್ನ ಮೂರು ಗಂಟೆ. ಲೈಫ್ ಜಾಕೆಟ್ ಎರಡೇ ಇದ್ದವು, ಮಕ್ಕಳಿಗೆ ಹಾಕಿದೆವು. ನಮಗೂ ಅಮ್ಮನಿಗೂ ಜಾಕೆಟ್ ಕೇಳಿದರೆ "ಇಲ್ಲೇ ಹತ್ರ, ಏನಾಗಲ್ಲ" ಅಂದರು. ಆಗಲೇ ಇಳಿಯಬೇಕಿತ್ತು.

ಅಘನಾಶಿನಿ ಹೊಳೆ ಒಳಗಡೆ ದೊಡ್ಡ ಕೆರೆಯ ಹಾಗೆ ಹರಡಿಕೊಂಡಿದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಸೊಂಟದವರೆಗೆ ನೀರಲ್ಲಿ ನಿಂತು ಬಳಚು (ಚಿಪ್ಪಿಮೀನು) ಆರಿಸುವವರು. ಎಷ್ಟು ಶಾಂತ ಅಂದರೆ ಭಯವೇ ಆಗುವುದಿಲ್ಲ. ಆದರೆ ಅಷ್ಟೂ ನೀರು ಸಮುದ್ರಕ್ಕೆ ಹೋಗುವುದು ತದಡಿಗೂ ಅಘನಾಶಿನಿ ಊರಿಗೂ ನಡುವಿನ ಆ ಕಿರಿದಾದ ಬಾಯಿಂದಲೇ.

ಬಾಯಿ ಹತ್ತಿರ ಬಂದಾಗ ನೀರಿನ ಮೇಲೆ ನೊರೆಯ ಗೆರೆ ಕಂಡಿತು. ಅದನ್ನು ದಾಟಿದ್ದೇ ತಡ, ದೋಣಿಯ ಮೂತಿ ಮೇಲೆದ್ದು ಧಡ್ ಅಂತ ಬಿತ್ತು. ಎರಡನೇ ಅಲೆಗೆ ನೀರು ಮಡಿಲಿಗೇ ಬಂತು. ಆಮೇಲೆ ಅಡಿಯಲ್ಲಿ ಕರ್ ಅಂತ ಸದ್ದು. ದೋಣಿ ನೂಕುವ ಫ್ಯಾನ್ (ಪ್ರೊಪೆಲ್ಲರ್) ಮರಳಿಗೆ ತಾಗಿ ಎಂಜಿನ್ ನಿಂತಿತು. ದೋಣಿ ಅಲೆಗೆ ಅಡ್ಡ ತಿರುಗಿತು. ಮಗಳು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ನಾಲ್ಕು ದಿನ ಇತ್ತು. ವಾಪಸ್ ಬರುತ್ತಿದ್ದ ಮೀನುಗಾರರು ಹಗ್ಗ ಎಸೆದು ಎಳೆದುಕೊಂಡು ಬಂದರು. ಅವರ ಋಣ ತೀರುವಂಥದ್ದಲ್ಲ.

ದಡಕ್ಕೆ ಬಂದ ಮೇಲೆ ಅವರೇ ಬಿಡಿಸಿ ಹೇಳಿದರು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ. ಆ ದಿನಗಳಲ್ಲಿ ನಮ್ಮ ಕಡೆ ನೀರು ತುಂಬುವುದು ಮಧ್ಯಾಹ್ನದ ಸುಮಾರಿಗೆ. ಅಂದರೆ ಎರಡರಿಂದ ನಾಲ್ಕರ ತನಕ ಹೊರಗೆ ಓಡುವ ಸೆಳೆತ ಜೋರು. ಪಡುಗಾಳಿ ಏಳುವುದೂ ಅದೇ ಹೊತ್ತಿಗೆ. ಹೊರಗೆ ಓಡುವ ನೀರಿಗೆ ಎದುರಿಂದ ಅಲೆ ಬಂದರೆ ಅದು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಕೆಳಗೆ ಮರಳ ದಿಬ್ಬ ಬೇರೆ.

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತಿದ್ದು ನೆನಪಿದೆ ಅಲ್ವಾ? ನನಗೂ ನೆನಪಿತ್ತು. ಆದರೂ ಹತ್ತಿದೆ.

ತದಡಿಯಿಂದ ಅಘನಾಶಿನಿಗೆ ದಾಟಿಸುವ ದೋಣಿಯ ಬಗ್ಗೆ ನಾನು ಹೇಳುತ್ತಿಲ್ಲ. ಅದು ಅಳಿವೆಯ ಒಳಗೇ ಓಡಾಡುತ್ತದೆ. ಹೊರಗೆ ಹೋಗುವುದಾದರೆ ಎಲ್ಲರಿಗೂ ಜಾಕೆಟ್ ಇದೆಯಾ ನೋಡಿ. ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು "ನೀರು ಏರ್ತಾ ಇದೆಯಾ, ಇಳೀತಾ ಇದೆಯಾ" ಅಂತ ಕೇಳಿ. ಇಳೀತಾ ಇದೆ ಅಂದರೆ, ದುಡ್ಡು ಕೊಟ್ಟಾಗಿದ್ದರೂ ಹತ್ತಬೇಡಿ.