ನಮ್ಮ ಓಣಿಯ ನ್ಯಾಯಬೆಲೆ ಅಂಗಡಿ: ತೂಕ ಸರಿ, ಹೆಬ್ಬೆಟ್ಟಿನದೇ ಗೋಳು

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಹದಿನಾರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ತೂಕದಲ್ಲಿ ನನಗೆ ಮೋಸ ಮಾಡುವುದು ಸುಲಭವಲ್ಲ. ಹಾಗಾಗಿ ಮೊದಲು ಒಳ್ಳೆಯ ಮಾತು: ನಮ್ಮ ಓಣಿಯ ರೇಷನ್ ಅಂಗಡಿಯ ತೂಕ ಸರಿಯಿದೆ. ನಾಲ್ಕು ಜನರ ಕಾರ್ಡಿಗೆ ತಲಾ 10 ಕಿಲೋದಂತೆ ತಂದ ಅಕ್ಕಿಯನ್ನು ಎರಡು ಸಲ ನಮ್ಮ ಅಂಗಡಿಯ ಕಾಟಾದ ಮೇಲಿಟ್ಟು ನೋಡಿದ್ದೇನೆ. ಒಮ್ಮೆ 200 ಗ್ರಾಂ ಕಡಿಮೆ, ಇನ್ನೊಮ್ಮೆ ಚೊಕ್ಕ 40 ಕಿಲೋ. ನುಚ್ಚು ಇರುತ್ತದೆ, ಹುಳ ಇಲ್ಲ. ದೋಸೆಗೆ ಚೆನ್ನ, ಅನ್ನಕ್ಕೆ ಸಾಧಾರಣ. ರೊಟ್ಟಿ ತಿನ್ನುವ ನಮಗೆ ಜೋಳವೇ ಬೇಕು, ಆದರೆ ಅದು ಅಂಗಡಿಯವರ ಕೈಯಲ್ಲಿಲ್ಲ.

ಗೋಳಿರುವುದು ಹೆಬ್ಬೆಟ್ಟಿನಲ್ಲಿ. ಅವ್ವ ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಅವಳು ಬಿಡಿಸಿದ ಕಾಯಿಯ ಬಣ್ಣ ಸಾರಿಗಷ್ಟೇ ಅಲ್ಲ, ಲಿಪ್‌ಸ್ಟಿಕ್ಕಾಗಿ ಎಲ್ಲೋ ಯಾರದೋ ತುಟಿಗೂ ಹೋಗುತ್ತದೆ. ಅವಳ ಹೆಬ್ಬೆರಳಿನ ಗೆರೆಗಳು ಮಾತ್ರ ಸವೆದು ಹೋಗಿವೆ. 2025ರ ಮೇ ತಿಂಗಳಲ್ಲಿ ಯಂತ್ರದ ಗಾಜಿನ ಮೇಲೆ ಬೆರಳಿಟ್ಟಳು, ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟಳು, ಕೆಂಪು. ತೋರುಬೆರಳು, ಎಡಗೈ, ಮತ್ತೆ ಬಲಗೈ. ಏಳನೆಯ ಸಲಕ್ಕೆ ಅಂಗಡಿಯವರು, "ಯವ್ವಾ, ನಾಳೆ ಮಗನನ್ನು ಕಳಿಸು" ಎಂದರು. ಮರುದಿನ ನಾನು ಅರ್ಧ ದಿನ ರಜೆ ಹಾಕಿದೆ. ಸಂಬಳದಲ್ಲಿ 180 ರೂಪಾಯಿ ಹೋಯಿತು. ಪುಕ್ಕಟೆ ಅಕ್ಕಿಗೆ ನಾನು ತೆತ್ತ ಬೆಲೆ ಅದು.

2023ರ ಜುಲೈನಿಂದ ಸರ್ಕಾರ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿಯಂತೆ ಖಾತೆಗೆ ಹಾಕುತ್ತಿತ್ತು. ಕೇಂದ್ರದ ಗೋದಾಮಿನಿಂದ ಅಕ್ಕಿ ಸಿಗದ ಕಾರಣ ಆದ ಏರ್ಪಾಡು. ನಮ್ಮ ಮನೆಗೆ 680 ರೂಪಾಯಿ. ಆ ಹಣ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಬಾಕಿ. ಅವ್ವ ಬ್ಯಾಂಕಿಗೆ ಅಲೆದು, "ಅಕ್ಕಿಯಾದರೆ ಚೀಲದಲ್ಲಿ ಕಣ್ಣಿಗೆ ಕಾಣುತ್ತದೆ" ಎನ್ನುತ್ತಿದ್ದಳು. 2025ರಲ್ಲಿ ಅಕ್ಕಿಯೇ ಮರಳಿತು, ಅದರ ಜೊತೆಗೆ ಈ ಸಾಲೂ.

ನಾನು ಹೋದ ದಿನ ಸಾಲಿನಲ್ಲಿ ಅರವತ್ತು ಜನರಾದರೂ ಇದ್ದರು. ಹತ್ತೂವರೆಗೆ ಸರ್ವರ್ ನಿಂತಿತು. ಹನ್ನೊಂದಾದರೂ ಯಾರೂ ಹೊರಗೆ ಬಂದು ಏನೂ ಹೇಳಲಿಲ್ಲ. ದಾಸ್ತಾನು ಫಲಕದಲ್ಲಿ ಹಿಂದಿನ ತಿಂಗಳ ಅಂಕಿ. ಕಾರ್ಡ್ ರದ್ದಾದ ಹೆಣ್ಣುಮಗಳೊಬ್ಬಳು ಮುಂದೆ ನಿಂತವರನ್ನು ತೋರಿಸಿ, "ಇವರ ಮಗನಿಗೆ ಕಾರಿದೆ, ಇವರ ಕಾರ್ಡ್ ಹೇಗೆ ಉಳಿಯಿತು?" ಎಂದಳು. ಮಾತಿಗೆ ಮಾತು ಬೆಳೆಯಿತು. ನಾನು ತಲೆ ತಗ್ಗಿಸಿ ನಿಂತೆ. ವರ್ಷಕ್ಕೆ 1.2 ಲಕ್ಷ ರೂಪಾಯಿ ಆದಾಯ ಮೀರಬಾರದೆಂಬ ನಿಯಮ ನನಗೆ ಗೊತ್ತು. ನನ್ನ ಸಂಬಳ ಅದರ ಒಳಗಿದೆ. ಅವ್ವನ ತೊಟ್ಟಿನ ಕೂಲಿ ಯಾವ ಖಾತೆಯಲ್ಲೂ ಇಲ್ಲ. ಅದನ್ನು ಸೇರಿಸಿ ಕೂಡಿಸುವ ಧೈರ್ಯ, ದಿನವಿಡೀ ಕೂಡಿಸುವುದೇ ಕಸುಬಾದ ನನಗೂ ಇಲ್ಲ.

ಅಷ್ಟರಲ್ಲಿ ಅಂಗಡಿಯವರು ಶಟರನ್ನು ಅರ್ಧಕ್ಕೆ ಎಳೆದರು. ಆ ಸದ್ದಿಗೆ ನನ್ನ ಕೈ ತಣ್ಣಗಾಯಿತು. ನೆನಪಾದದ್ದು 2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಇಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿದ್ದರು. ವಾಹನಗಳಿಗೆ ಬೆಂಕಿ ಬಿತ್ತು, ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಅಂದು ನಾವು ಶಟರ್ ಎಳೆದುಕೊಂಡು ಒಳಗೆ ಕುಳಿತಿದ್ದೆವು. ಲಾರಿಯಲ್ಲಿ ದೂರದಿಂದ ಚೀಲ ತಂದವನೊಬ್ಬ ಅದಕ್ಕೂ ಮೊದಲು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನನ್ನನ್ನು ಕೇಳಿದ್ದ: "ಯಾಕೆ ಇಳಿಯಿತು, ಅದನ್ನಾದರೂ ಹೇಳಿ." ನನಗೂ ಗೊತ್ತಿರಲಿಲ್ಲ. ಅಂದು ಶಟರಿನ ಒಳಗಿದ್ದ ನಾನು ಈ ಸಲ ಹೊರಗಿದ್ದೆ, ಅಷ್ಟೇ ವ್ಯತ್ಯಾಸ. ಯಾರೋ ರೇಷನ್ ಅಂಗಡಿಯ ಶಟರಿಗೆ ಗುದ್ದಿದರು. ಪುಣ್ಯಕ್ಕೆ ಅಂಗಡಿಯವರ ಹೆಂಡತಿ ಹೊರಬಂದು ಎಲ್ಲರ ಕಾರ್ಡಿನ ಹೆಸರು ಬರೆದುಕೊಂಡು, ನಾಳೆ ಇದೇ ಕ್ರಮದಲ್ಲಿ ಕರೆಯುತ್ತೇವೆ ಎಂದರು. ಜನ ಗೊಣಗುತ್ತ ಚದುರಿದರು. ಆ ಬರೆಯುವ ಕೆಲಸ ಹತ್ತೂವರೆಗೇ ಆಗಬೇಕಿತ್ತು.

ಐದಕ್ಕೆ ಮೂರು ಕೊಡುತ್ತೇನೆ. ಎರಡು ತೂಕಕ್ಕೆ, ಒಂದು ಅಂಗಡಿಯವರ ಹೆಂಡತಿ ಹೆಸರು ಬರೆದುಕೊಂಡ ಹಾಳೆಗೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ತಿಂಗಳ ಕೊನೆಯವರೆಗೆ ಕಾಯಬೇಡಿ, ಚೀಲ ನೀವೇ ಒಯ್ಯಿರಿ.

ಅವ್ವ ಈಗ ರೇಷನ್ ತರುವ ಎರಡು ದಿನ ಮೊದಲೇ ತೊಟ್ಟಿನ ಕೆಲಸ ಬಿಟ್ಟು, ರಾತ್ರಿ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ಜೂನ್‌ನಲ್ಲಿ ನಾಲ್ಕನೆಯ ಸಲಕ್ಕೆ ಹಸಿರು ದೀಪ ಬಂತು.