ಶೇ. 2 ರಿಯಾಯಿತಿಯ ಬಿಲ್ಲು, ಶೇ. 2.36 ಶುಲ್ಕದ ಪಾವತಿ ಲಿಂಕ್: ಸಣ್ಣ ಅಂಗಡಿಕಾರರ ಗಮನಕ್ಕೆ

ಸಗಟು ವ್ಯಾಪಾರಿಗಳಿಂದ ಸರಕು ತರಿಸಿಕೊಂಡು, ಅವರು ಕಳುಹಿಸುವ ಲಿಂಕ್ ಮೂಲಕ ಬಿಲ್ಲಿನ ಹಣ ಕಟ್ಟುವ ಸಣ್ಣ ಅಂಗಡಿಕಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯ ನಮ್ಮ ವಿದ್ಯುತ್ ಸಾಮಗ್ರಿ ಅಂಗಡಿಗೆ ವೈರು, ಸ್ವಿಚ್ಚು ಪೂರೈಸುವ ಸಂಸ್ಥೆಯೊಂದು, ಬೇಗ ಹಣ ಕೊಟ್ಟವರಿಗೆಂದು ತಾನೇ ಬಿಲ್ಲಿನಲ್ಲಿ ಮುದ್ರಿಸಿದ್ದ ರಿಯಾಯಿತಿಯನ್ನು ನಮಗೆ ಕೊಡಲಿಲ್ಲ. ಅಷ್ಟೇ ಅಲ್ಲ, ಹಣ ಕಟ್ಟಿದ್ದಕ್ಕೇ ನಮ್ಮಿಂದ ಎರಡು ಸಾವಿರ ರೂಪಾಯಿಗೂ ಹೆಚ್ಚು ಶುಲ್ಕ ಹೋಯಿತು.

ಬಿಲ್ಲಿನ ಷರತ್ತು ಮೇಲ್ನೋಟಕ್ಕೆ ಸರಳವಾಗಿತ್ತು: 30 ದಿನಗಳ ಗಡುವು, 10 ದಿನಗಳೊಳಗೆ ಪಾವತಿಸಿದರೆ ಶೇ. 2 ಕ್ಯಾಶ್ ಡಿಸ್ಕೌಂಟ್. ಸರಕಿನ ಬೆಲೆ 80,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 14,400, ಒಟ್ಟು 94,400. ರಿಯಾಯಿತಿಯನ್ನು ತೆರಿಗೆ ಸೇರಿಸದ ಬೆಲೆಯ ಮೇಲೆ ಲೆಕ್ಕ ಹಾಕುವುದರಿಂದ ಸಿಗಬೇಕಾದದ್ದು 1,600 ರೂಪಾಯಿ, ಅದೂ ಮುಂದೆ ಕ್ರೆಡಿಟ್ ನೋಟ್ (ಅಷ್ಟು ಮೊತ್ತವನ್ನು ನಮ್ಮ ಲೆಕ್ಕಕ್ಕೆ ಜಮೆ ಮಾಡಿ ಮಾರುವವರು ಕೊಡುವ ಚೀಟಿ) ರೂಪದಲ್ಲಿ. ಆದರೆ ಲಿಂಕ್‌ನಲ್ಲಿ ಮೊದಲು ತೆರೆದುಕೊಳ್ಳುತ್ತಿದ್ದ ಕ್ರೆಡಿಟ್ ಕಾರ್ಡ್ ಪಾವತಿಗೆ ವಿಧಿಸಿದ ಶೇ. 2 ಶುಲ್ಕದ ಲೆಕ್ಕ ನಡೆದದ್ದು ತೆರಿಗೆಯೂ ಸೇರಿದ ಪೂರ್ಣ ಮೊತ್ತದ ಮೇಲೆ: 1,888 ರೂಪಾಯಿ ಶುಲ್ಕ, ಆ ಶುಲ್ಕದ ಮೇಲೆ ಮತ್ತೆ ಶೇ. 18 ಜಿಎಸ್‌ಟಿ 339.84, ಒಟ್ಟು 2,227.84 (ಪೂರ್ಣ ಮೊತ್ತದ ಶೇ. 2.36). ಅಂದರೆ ರಿಯಾಯಿತಿ ಪೂರ್ತಿಯಾಗಿ ಸಿಕ್ಕಿದ್ದರೂ ಕೈಯಿಂದ ಆರು ನೂರಕ್ಕೂ ಹೆಚ್ಚು ರೂಪಾಯಿ ಕಳೆದುಕೊಳ್ಳುವಂತೆಯೇ ಆ ವ್ಯವಸ್ಥೆ ಇತ್ತು. ಈ ಶುಲ್ಕ ಪ್ರತ್ಯೇಕವಾಗಿ ಕಂಡದ್ದು ಪಾವತಿ ಮುಗಿದ ಮೇಲೆ ಬಂದ ರಸೀದಿಯಲ್ಲಿ. ಅದರಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆಯೇ ಇರಲಿಲ್ಲವಾದ್ದರಿಂದ ಆ 339.84 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಹಿಂಪಡೆಯುವ ದಾರಿಯೂ ಉಳಿಯಲಿಲ್ಲ.

ರಿಯಾಯಿತಿ ನಿರಾಕರಿಸಲು ಅವರು ಕೊಟ್ಟ ಕಾರಣ ದಿನಾಂಕದ್ದು. ನಾವು ಹತ್ತನೆಯ ದಿನವೇ ಹಣ ಕಟ್ಟಿದ್ದೆವು. ರಸೀದಿಯಲ್ಲೂ ಅದೇ ದಿನಾಂಕವಿದೆ. ಆದರೆ ಕಾರ್ಡ್ ಮೂಲಕ ಕಟ್ಟಿದ ಹಣ ಮಧ್ಯದ ಪಾವತಿ ಸಂಸ್ಥೆಯಲ್ಲಿ ನಿಂತು, ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳ ನಂತರವೇ ಮಾರುವವರ ಖಾತೆಗೆ ಸೇರುತ್ತದೆ. ತಮ್ಮ ಖಾತೆಗೆ ಹಣ ಬಂದ ದಿನವನ್ನೇ ಪಾವತಿಯ ದಿನವೆಂದು ಪರಿಗಣಿಸುವುದಾಗಿ ಅವರು ಆಮೇಲೆ ಹೇಳಿದರು. ಬಿಲ್ಲಿನಲ್ಲಿ ಎಲ್ಲಿಯೂ ಆ ಮಾತು ಇಲ್ಲ. ತಮ್ಮದೇ ಲಿಂಕ್ ಬಳಸುವಂತೆ ಒತ್ತಾಯಿಸಿ, ಆ ಲಿಂಕ್‌ನಿಂದಾದ ವಿಳಂಬವನ್ನು ಕೊಳ್ಳುವವರ ತಲೆಗೆ ಕಟ್ಟುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ದಿನಗಳ ಎಣಿಕೆ ಕೂಡ ಸರಕು ಅಂಗಡಿ ತಲುಪಿದಂದಿನಿಂದ ಅಲ್ಲ, ಬಿಲ್ಲಿನ ದಿನಾಂಕದಿಂದಲೇ ಆರಂಭವಾಗುತ್ತದೆ. ಲಾರಿ ದಾರಿಯಲ್ಲಿರುವಾಗಲೇ ಹತ್ತರಲ್ಲಿ ಕೆಲವು ದಿನಗಳು ಕಳೆದಿರುತ್ತವೆ.

ಇಷ್ಟಾದರೂ ಬೇಗ ಪಾವತಿಸುವ ರಿಯಾಯಿತಿಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಇಪ್ಪತ್ತು ದಿನ ಮುಂಚೆ ಹಣ ಕೊಟ್ಟದ್ದಕ್ಕೆ ಸಿಗುವ ಶೇ. 2 ಎಂಬುದು ವರ್ಷದ ಬಡ್ಡಿಯ ಲೆಕ್ಕಕ್ಕೆ ತಂದರೆ ಸುಮಾರು ಶೇ. 37 ಆಗುತ್ತದೆ, ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತೆಗೆದು ಕಟ್ಟಿದರೂ ಅದು ಲಾಭವೇ. ಆ ಲಾಭ ಉಳಿಯಬೇಕಾದರೆ ಹಣ ಶುಲ್ಕವಿಲ್ಲದ ದಾರಿಯಲ್ಲಿ ಹೋಗಬೇಕು. ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವ್ಯಾಪಾರಿಯಿಂದ ಶುಲ್ಕ ವಸೂಲು ಮಾಡುವುದನ್ನು ಸರ್ಕಾರ 2020ರ ಜನವರಿ 1ರಿಂದಲೇ ನಿಲ್ಲಿಸಿದೆ. ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ಹಣ ಕಳುಹಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ ಭಾನುವಾರ, ರಜಾದಿನಗಳೂ ಸೇರಿ ದಿನದ 24 ಗಂಟೆಯೂ ಲಭ್ಯವಿದೆ. ಚಾಲ್ತಿ ಖಾತೆಯಿಂದ ನೆಫ್ಟ್ ಮಾಡಿದರೆ ಕೆಲವು ಬ್ಯಾಂಕುಗಳು ಅಲ್ಪ ಶುಲ್ಕ ಹಾಕಬಹುದು, ಆದರೆ ಅದು ಸಾವಿರಗಳಲ್ಲಿ ಇರುವುದಿಲ್ಲ. ವರ್ಗಾವಣೆಯ ಯುಟಿಆರ್ ಸಂಖ್ಯೆಯನ್ನು (ಪ್ರತಿ ವರ್ಗಾವಣೆಗೆ ಸಿಗುವ ಗುರುತಿನ ಸಂಖ್ಯೆ) ಅಂದೇ ಮಾರುವವರಿಗೆ ಕಳುಹಿಸಿಟ್ಟರೆ ದಿನಾಂಕದ ತಕರಾರಿಗೆ ಲಿಖಿತ ಆಧಾರವೂ ಸಿಗುತ್ತದೆ.

ಹೊಸ ಪೂರೈಕೆದಾರರಿಗೆ ಮೊದಲ ಆರ್ಡರ್ ಕೊಡುವ ಮುನ್ನವೇ, ದಿನಗಳನ್ನು ಯಾವ ದಿನಾಂಕದಿಂದ ಎಣಿಸುತ್ತಾರೆ, ನಾವು ಕಟ್ಟಿದ ದಿನ ಮುಖ್ಯವೋ ಅವರಿಗೆ ಸೇರಿದ ದಿನವೋ, ರಿಯಾಯಿತಿ ಯಾವ ಮೊತ್ತದ ಮೇಲೆ, ಲಿಂಕ್ ಬಿಟ್ಟು ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದರೂ ಅದು ಸಿಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಉತ್ತರವಾದರೂ ಸರಿ, ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ.